ಅಪ್ಪನ ಉಪವಾಸ ಮತ್ತು ಬ್ಯೂನಸ್ ಐರಿಸ್‌ನ ಮಾಂಸದ ಹೋಟೆಲುಗಳು

2004ರ ಬೇಸಿಗೆಯಲ್ಲಿ ಯಾರಾದರೂ ನನ್ನನ್ನು ನಿದ್ದೆಯಿಂದ ಎಬ್ಬಿಸಿ, ಬ್ಯೂನಸ್ ಐರಿಸ್ ಊರಿನಲ್ಲಿ ದನದ ಮಾಂಸವನ್ನು ಯಾವ ಹೋಟೆಲಿನವರು ಚೆನ್ನಾಗಿ ಸುಡುತ್ತಾರೆ, ಯಾವ ಬಾರಿಗೆ ಹೋದರೆ ಸಂಜೆ ಆರಕ್ಕೇ ಬಿಯರು ಸಿಗುತ್ತದೆ ಎಂದು ಕೇಳಿದ್ದರೆ, ಕಣ್ಣು ಮುಚ್ಚಿಕೊಂಡೇ ಹೇಳುತ್ತಿದ್ದೆ. ಬೀದಿಯ ಹೆಸರು, ಬಾಗಿಲು ತೆರೆಯುವ ಹೊತ್ತು, ಸೋಮವಾರ ರಜೆಯೋ ಮಂಗಳವಾರ ರಜೆಯೋ, ಎಲ್ಲ ಬಾಯಿಪಾಠವಾಗಿತ್ತು. ನಾನೋ ಗದಗಿನ ಲಿಂಗಾಯತರ ಮನೆಯವನು. ಬಿಯರಿನ ವಾಸನೆಯೇ ನನಗೆ ಆಗಿಬರುವುದಿಲ್ಲ. ನಮ್ಮ ಮನೆಯ ಫ್ರಿಜ್ಜಿನಲ್ಲಿ ಮೊಟ್ಟೆಗೂ ಜಾಗವಿರಲಿಲ್ಲ. ಇಂಥವನ ತಲೆಗೆ ಈ ಕೆಲಸ ಕಟ್ಟಿದವರ ಮೇಲಿನ ಸಿಟ್ಟು ಇಷ್ಟು ವರ್ಷವಾದರೂ ಪೂರ್ತಿ ಇಳಿದಿಲ್ಲ.

ಆಗ ನಾನು ಇಂಗ್ಲೆಂಡಿನ ಮ್ಯಾಕಲ್ಸ್‌ಫೀಲ್ಡ್‌ನಲ್ಲಿ, ಮಾತ್ರೆ ತಯಾರಿಸುವ ಕಾರ್ಖಾನೆಯೊಂದರಲ್ಲಿ ಪ್ಯಾಕಿಂಗ್ ಯಂತ್ರಗಳ ಇಂಜಿನಿಯರ್ ಆಗಿದ್ದೆ. ನಮಗೆ ಬೇಕಾಗಿದ್ದ ಹೊಸ ಮಾದರಿಯ ಯಂತ್ರ ಬ್ಯೂನಸ್ ಐರಿಸ್‌ನ ಒಂದು ಕಾರ್ಖಾನೆಯಲ್ಲಿ ಓಡುತ್ತಿತ್ತು. ಅದನ್ನು ಎಂಟು ದಿನ ನೋಡಿಕೊಂಡು ಬರಲು ನಾಲ್ವರು ಹೋಗಬೇಕೆಂದಾಯಿತು: ನಮ್ಮ ಮ್ಯಾನೇಜರ್, ನಿವೃತ್ತಿಗೆ ಎರಡು ವರ್ಷವಿದ್ದ ಒಬ್ಬ ಫಿಟ್ಟರ್, ಲೀಡ್ಸ್ ಕಡೆಯ ಒಬ್ಬಳು ಕೆಮಿಸ್ಟ್, ಮತ್ತು ನಾನು. ಪ್ರವಾಸವೆಂದರೆ ಕೆಲಸ ಹಂಚಿಕೊಳ್ಳುವುದು ನಮ್ಮ ವಿಭಾಗದ ರೂಢಿ. ಟಿಕೆಟ್ ಒಬ್ಬರಿಗೆ, ತಂಗುವ ರೂಮು ಒಬ್ಬರಿಗೆ, ಕಾಗದಪತ್ರ ಒಬ್ಬರಿಗೆ. ಹಂಚಿಕೊಳ್ಳುವ ಮೀಟಿಂಗಿನ ದಿನ ನಾನು ಊರಿನಿಂದ ಬರುತ್ತಿದ್ದ ಅಪ್ಪನನ್ನು ಕರೆತರಲು ಮ್ಯಾಂಚೆಸ್ಟರ್ ಏರ್‌ಪೋರ್ಟಿಗೆ ಹೋಗಿದ್ದೆ. ಮರುದಿನ ಬಂದು ನೋಡಿದರೆ, ಬೋರ್ಡಿನ ಮೇಲೆ ನನ್ನ ಹೆಸರಿನ ಮುಂದೆ ‘ಸ್ಟೇಕ್‌ಹೌಸ್ ಮತ್ತು ಬಾರ್’ ಎಂದು ಬರೆದಿತ್ತು.

ತಮಾಷೆ ಇರಬೇಕು ಅಂದುಕೊಂಡೆ. ಮ್ಯಾನೇಜರ್ ಗಂಭೀರವಾಗಿಯೇ ಹೇಳಿದ: ನೀನು ತಿನ್ನುವುದಿಲ್ಲ, ಕುಡಿಯುವುದಿಲ್ಲ, ಆದ್ದರಿಂದ ನಿನಗೆ ಪಕ್ಷಪಾತ ಇರುವುದಿಲ್ಲ. ಇದಕ್ಕಿಂತ ಪೆದ್ದು ತರ್ಕವನ್ನು ನಾನು ಆ ಕಾರ್ಖಾನೆಯಲ್ಲಿ ಕೇಳಿಲ್ಲ, ಮತ್ತು ಅಲ್ಲಿ ಬಹಳ ಕೇಳಿದ್ದೇನೆ. ಆದರೆ ಬಾಯಿಂದ ಬಂದದ್ದು ‘ಆಗಲಿ’ ಎಂಬ ಮಾತು. ಎದುರಿಗಿದ್ದವರು ಏನು ಕೇಳಿದರೂ ಆಗಲಿ ಎನ್ನುವುದು ನನಗೆ ಹುಟ್ಟಿನಿಂದ ಅಂಟಿಕೊಂಡ ರೋಗ.

ಹೋಗಲಿ, ನಾಲ್ಕು ಹೋಟೆಲು ಹುಡುಕಿ ಕೈತೊಳೆದುಕೊಳ್ಳೋಣ ಎಂದರೆ ಇವರ ಬೇಡಿಕೆಗಳನ್ನು ಕೇಳಬೇಕು. ಪ್ರವಾಸಿಗಳು ಮುತ್ತಿಕೊಳ್ಳುವ ಜಾಗ ಬೇಡವೇ ಬೇಡ, ಆ ಊರಿನವರು ಉಣ್ಣುವ ಕಡೆಯೇ ಆಗಬೇಕು ಎಂದು ಮ್ಯಾನೇಜರ್. ಅವನಿಗೆ ಮಾಂಸ ಒಳಗೆ ಕೆಂಪಗೆ, ಒತ್ತಿದರೆ ರಸ ಇಳಿಯುವ ಹಾಗಿರಬೇಕು. ಕೆಮಿಸ್ಟ್‌ಳಿಗೆ ಒಂದು ಹನಿ ರಕ್ತ ಕಂಡರೂ ಆಗದು, ಚಪ್ಪಲಿಯ ಹಾಗೆ ಸುಟ್ಟು ಕೊಡಬೇಕು. ಫಿಟ್ಟರ್ ಮಹಾಶಯ ನಲವತ್ತು ವರ್ಷದಿಂದ ಸಂಜೆ ಆರಕ್ಕೆ ಬಿಯರ್, ಏಳಕ್ಕೆ ಊಟ. ಅದು ತಪ್ಪಿದರೆ ತನ್ನ ಹೊಟ್ಟೆ ತನ್ನ ಮಾತು ಕೇಳುವುದಿಲ್ಲ ಎಂದು ಎಚ್ಚರಿಸಿದ. ನಾನು ವಿಚಾರಿಸಿ ನೋಡಿದರೆ, ಬ್ಯೂನಸ್ ಐರಿಸ್‌ನಲ್ಲಿ ಮಾಂಸದ ಹೋಟೆಲುಗಳು ರಾತ್ರಿಯ ಊಟಕ್ಕೆ ಬಾಗಿಲು ತೆರೆಯುವುದೇ ಎಂಟೂವರೆ ಒಂಬತ್ತಕ್ಕೆ! ಬಾರುಗಳು ರಂಗೇರುವುದು ಅದಕ್ಕಿಂತಲೂ ತಡ. ಇದನ್ನು ಫಿಟ್ಟರ್‌ಗೆ ಹೇಳಿದಾಗ, ಅದೇನೋ ನಾನೇ ಆ ದೇಶಕ್ಕೆ ಕಾನೂನು ಮಾಡಿಕೊಟ್ಟವನ ಹಾಗೆ ನನ್ನ ಮುಖ ನೋಡಿದ.

ಮನೆಯ ಕಂಪ್ಯೂಟರಿನಲ್ಲಿ ಇಂಟರ್‌ನೆಟ್ ಆಗ ಕುಂಟುತ್ತ ಬರುತ್ತಿತ್ತು. ಪ್ರವಾಸಿಗಳು ಅಭಿಪ್ರಾಯ ಬರೆಯುವ ಜಾಲತಾಣಗಳಿದ್ದವು. ಒಬ್ಬ ಸ್ವರ್ಗ ಎಂದ ಹೋಟೆಲನ್ನು ಇನ್ನೊಬ್ಬ ಮೋಸದ ಅಡ್ಡೆ ಎನ್ನುತ್ತಿದ್ದ. ಇಬ್ಬರೂ ಅದರ ಕೆಳಗೇ ಎಂಟು ದಿನ ಜಗಳವಾಡಿರುತ್ತಿದ್ದರು. ಆ ಜಗಳವನ್ನೆಲ್ಲ ನಾನು ಓದಬೇಕು! ನಮ್ಮಲ್ಲಿ ಸಂಜೆ ಐದಾದರೆ ಅಲ್ಲಿ ಮಧ್ಯಾಹ್ನ ಒಂದು. ಆ ಹೊತ್ತಿಗೆ ಫೋನ್ ಮಾಡಿ, ಸ್ಪ್ಯಾನಿಷ್ ಕೈಪಿಡಿ ನೋಡಿಕೊಂಡು ‘ನಾಲ್ಕು ಜನ, ಒಂಬತ್ತು ಗಂಟೆ’ ಎಂದು ಒದರುತ್ತಿದ್ದೆ. ಆ ಕಡೆಯವರು ಏನೋ ಉದ್ದಕ್ಕೆ ಹೇಳಿ ಫೋನ್ ಇಡುತ್ತಿದ್ದರು. ಸಿಕ್ಕಿತೋ ಸಿಗಲಿಲ್ಲವೋ ದೇವರಿಗೇ ಗೊತ್ತು.

ಸಿಕ್ಕಿದ್ದನ್ನೆಲ್ಲ ಒಂದು ನೋಟುಬುಕ್ಕಿನಲ್ಲಿ ಕನ್ನಡದಲ್ಲಿ ಬರೆದಿಡುತ್ತಿದ್ದೆ. ಆಫೀಸಿನಲ್ಲಿ ನಾಲ್ಕು ಕಡೆಯೂ ಬಯಲು, ಗೋಡೆಯಿಲ್ಲ. ಇಂಗ್ಲಿಷಿನಲ್ಲಿ ಬರೆದರೆ ಫಿಟ್ಟರ್ ಬೆನ್ನ ಹಿಂದೆ ನಿಂತು ಓದಿ, ಎಲ್ಲರಿಗೂ ಕೇಳುವಂತೆ ಟೀಕೆ ಮಾಡುತ್ತಿದ್ದ. ಕನ್ನಡದಲ್ಲಿ ಬರೆದರೆ ಆ ಕಾಟವಿಲ್ಲ. ಹಾಗೆ ಪುಟಗಟ್ಟಲೆ ಬರೆದೆ. ಪಕ್ಕೆಲುಬಿನ ಹತ್ತಿರದ ತುಂಡು ಯಾವುದು, ಸೊಂಟದ ತುಂಡು ಯಾವುದು, ರಸ ಉಳಿಯುವಂತೆ ಸುಡು ಎನ್ನುವುದಕ್ಕೆ ಅವರ ಮಾತಿನಲ್ಲಿ ಏನು ಹೇಳಬೇಕು, ಪೂರ್ತಿ ಬೇಯಿಸು ಎನ್ನುವುದಕ್ಕೆ ಏನು. ಜಾಲತಾಣದ ಅಭಿಪ್ರಾಯಗಳನ್ನೂ ಇದ್ದ ಹಾಗೇ ಕನ್ನಡಕ್ಕೆ ಇಳಿಸಿದೆ. ‘ನಾನು ಇಲ್ಲಿ ಎರಡು ಸಲ ತಿಂದೆ. ಬೆಣ್ಣೆಯ ಹಾಗೆ ಕರಗಿತು. ಮತ್ತೆ ಹೋಗುತ್ತೇನೆ.’ ‘ನನ್ನ ಜನ್ಮದಲ್ಲಿ ಇಂಥ ಮಾಂಸ ತಿಂದಿರಲಿಲ್ಲ.’ ಹೋಟೆಲಿನ ಹೆಸರು, ಕೆಳಗೆ ಇಂಥ ಮಾತುಗಳು, ಪಕ್ಕದಲ್ಲಿ ನಾನೇ ಹಾಕಿದ ನಕ್ಷತ್ರದ ಗುರುತು. ಬರೆದವನು ಯಾರೆಂದು ಎಲ್ಲಿಯೂ ಬರೆಯಲಿಲ್ಲ. ನನಗೆ ಗೊತ್ತಿತ್ತಲ್ಲ, ಮತ್ತೆ ಯಾರು ಓದಬೇಕು?

ಇಂಗ್ಲೆಂಡಿನ ಆ ಮೂಲೆಯಲ್ಲಿ ನನ್ನ ಕನ್ನಡ ಅಕ್ಷರವನ್ನು ಸಲೀಸಾಗಿ ಓದಬಲ್ಲವರು ನನ್ನ ಹೆಂಡತಿ ಮತ್ತು, ಆ ಬೇಸಿಗೆಯ ಮಟ್ಟಿಗೆ, ನನ್ನ ಅಪ್ಪ. ಇದು ಹೊಳೆಯದ ನನ್ನ ಬುದ್ಧಿಗೆ ಏನೆನ್ನಬೇಕು.

ಅವ್ವ ನನ್ನ ತಂಗಿಯ ಬಾಣಂತನಕ್ಕೆಂದು ಹುಬ್ಬಳ್ಳಿಯಲ್ಲಿದ್ದಳು. ಅಪ್ಪ ಒಬ್ಬರೇ ಮೂರೂವರೆ ತಿಂಗಳಿಗೆಂದು ಬಂದಿದ್ದರು. ಅವರು ಗದಗಿನ ಬಸ್ ನಿಲ್ದಾಣದಲ್ಲಿ ಟ್ರಾಫಿಕ್ ಕಂಟ್ರೋಲರ್ ಆಗಿದ್ದವರು. ಯಾವ ಬಸ್ಸು ಎಷ್ಟಕ್ಕೆ ಬಂತು, ಎಷ್ಟಕ್ಕೆ ಹೋಯಿತು, ಯಾವ ಕಂಡಕ್ಟರ್ ಯಾಕೆ ತಡ ಮಾಡಿದ ಎಂದು ಗಾಜಿನ ಹಿಂದೆ ಕೂತು ಬರೆಯುವುದು ಅವರ ಕೆಲಸವಾಗಿತ್ತು. ನಿವೃತ್ತರಾದ ಮೇಲೂ ಕೈಗಡಿಯಾರ ನೋಡದೆ ನೀರನ್ನೂ ಕುಡಿದವರಲ್ಲ. ದಿನಾ ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಕೊರಳಿನ ಲಿಂಗವನ್ನು ಅಂಗೈಯಲ್ಲಿಟ್ಟು ಪೂಜೆ ಮಾಡಿ, ಎದ್ದು ಬಂದು ನಮ್ಮೆಲ್ಲರ ಕೈಗೆ ನಾಲ್ಕು ನಾಲ್ಕು ಒಣದ್ರಾಕ್ಷಿ ಪ್ರಸಾದ ಹಾಕುತ್ತಿದ್ದರು. ಅದಾದ ಮೇಲೆಯೇ ಅವರ ಊಟ. ಮಾಂಸ ಬೇಯಿಸುವ ಮನೆಯಲ್ಲಿ ಅವರು ನೀರು ಮುಟ್ಟಿದವರಲ್ಲ. ಇದಕ್ಕಾಗಿ ಊರಿನಲ್ಲಿ ಎರಡು ಮದುವೆಗಳ ಊಟ ಬಿಟ್ಟು ಬಂದದ್ದು ನನಗೇ ನೆನಪಿದೆ.

ಬಂದು ಮೂರು ವಾರವಾಗಿತ್ತು. ಒಂದು ದಿನ ಸಂಜೆ ತಟ್ಟೆಯ ಮುಂದೆ ಕೂರಲಿಲ್ಲ. “ಹೊಟ್ಟಿ ಸರಿ ಇಲ್ಲಪಾ. ಎರಡು ಬಾಳೆಹಣ್ಣು ಸಾಕು,” ಎಂದರು. ಮರುದಿನವೂ ಬಾಳೆಹಣ್ಣು. ಅದರ ಮರುದಿನವೂ. ಹಾಲನ್ನು ತಾವೇ ಅಂಗಡಿಯಿಂದ ತಂದು, ತಾವು ಊರಿನಿಂದ ತಂದಿದ್ದ ಸ್ಟೀಲ್ ಲೋಟದಲ್ಲಿ ಕಾಸದೆ ಕುಡಿದರು. ಪೂಜೆಯ ನೀರನ್ನು ಅಡುಗೆಮನೆಯ ನಲ್ಲಿಯಿಂದ ಹಿಡಿಯುತ್ತಿದ್ದವರು ಈಗ ಬಚ್ಚಲಿನಿಂದ ತಂದುಕೊಂಡರು. ಪ್ರಸಾದ ಮೊಮ್ಮಗಳ ಕೈಗೆ ಮಾತ್ರ ಬಿತ್ತು.

ಹೊಟ್ಟೆ ನೋವೇ ಎಂದರೆ ಇಲ್ಲ. ಜಿಪಿ ಡಾಕ್ಟರ ಹತ್ತಿರ ಹೋಗೋಣವೇ ಎಂದರೆ ಬೇಡ. ನನ್ನ ಹೆಂಡತಿ ಮೈಸೂರಿನವಳು. ತನ್ನ ಅಡುಗೆ ಮಾವನಿಗೆ ಸೇರುತ್ತಿಲ್ಲ ಎಂದು ಒಳಗೇ ಬೇಯುತ್ತಿದ್ದಳು. ಮ್ಯಾಂಚೆಸ್ಟರಿನ ಅಂಗಡಿಯಿಂದ ಜೋಳದ ಹಿಟ್ಟು ತರಿಸಿ ಎರಡು ದಿನ ರೊಟ್ಟಿ ತಟ್ಟಿದಳು. ಹರಿದವು, ಮತ್ತೆ ತಟ್ಟಿದಳು. ಅಪ್ಪ ನೋಡಿ, “ಚಲೋ ಆಗ್ಯಾವವ್ವಾ,” ಎಂದು ಬಾಳೆಹಣ್ಣು ಸುಲಿದುಕೊಂಡರು.

“ರೀ, ನನ್ನ ಕೈಲಿ ಆಗಲ್ಲ,” ಎಂದು ಅವಳು ಸಿಂಕಿನ ಮುಂದೆ ನಿಂತು ಅತ್ತುಬಿಟ್ಟಳು. “ಏನು ತಪ್ಪಾಯ್ತು ಅಂತ ನೀವೇ ಕೇಳಿ. ನಿಮ್ಮಪ್ಪ ತಾನೆ?”

ಕೇಳಿದೆ. ಅಪ್ಪ ಗಡಿಯಾರ ನೋಡಿ, “ಏನಿಲ್ಲ ಬಿಡು,” ಎಂದರು. ನಮ್ಮ ಕಡೆಯ ಹಿರಿಯರ ಈ ‘ಏನಿಲ್ಲ ಬಿಡು’ ಇದೆಯಲ್ಲ, ಅದರ ಮುಂದೆ ಪೊಲೀಸರ ಏಟೂ ಕೆಲಸ ಮಾಡಲಿಕ್ಕಿಲ್ಲ. ಆಫೀಸಿನಲ್ಲಿ ಒಬ್ಬ ಏಳಕ್ಕೇ ಊಟ ಬೇಕು ಎನ್ನುತ್ತಾನೆ, ಮನೆಯಲ್ಲಿ ಒಬ್ಬರು ಊಟವೇ ಬೇಡ ಎನ್ನುತ್ತಾರೆ. ನಡುವೆ ನಾನು. ಆ ವಾರ ಕಾರಿನಲ್ಲಿ ಒಬ್ಬನೇ ಕೂತು ಸ್ಟಿಯರಿಂಗಿಗೆ ಗುದ್ದಿದ್ದೂ ಉಂಟು.

ಹತ್ತನೆಯ ದಿನ ಅಪ್ಪ, “ತಮ್ಮಾ, ನನ್ನ ಟಿಕೀಟು ಲಗೂನ ಹೋಗೋ ಹಂಗ ಬದಲಿ ಮಾಡಾಕ ಬರತೈತೇನು ನೋಡು,” ಎಂದರು. ಅಲ್ಲಿಯವರೆಗೆ ಲೀಡ್ಸ್‌ನ ಹೆಡಿಂಗ್ಲೀಯಲ್ಲಿದ್ದ ಡಾಕ್ಟರ್ ಒಬ್ಬರ ಮನೆಯಲ್ಲಿರುತ್ತಾರಂತೆ. ನಮ್ಮ ಜಿಲ್ಲೆಯವರೇ, ಪೂಜೆ ತಪ್ಪಿಸದ ಮನೆತನ. ನನಗೆ ಹೇಳದೆ ಫೋನಿನಲ್ಲಿ ಅವರೊಂದಿಗೆ ಮಾತೂ ಆಗಿತ್ತು. ಮಗನ ಮನೆಗೆ ಮೊದಲ ಸಲ ಬಂದ ಅಪ್ಪ, ತಿಂಗಳು ತುಂಬುತ್ತಲೇ ಮಗನ ಮನೆಯ ಅನ್ನ ಬಿಟ್ಟು ಬೇರೆಯವರ ಮನೆಗೆ ಹೋಗುತ್ತಾರೆ. ಹೀಗೆ ಹೋದವರು ಮತ್ತೆ ಬರುವವರಲ್ಲ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಅವಮಾನವೂ ಆಯಿತು, ಹೆದರಿಕೆಯೂ ಆಯಿತು. ಕಾರಣ ಮಾತ್ರ ಗೊತ್ತಿರಲಿಲ್ಲ.

ಮರುದಿನ ಶನಿವಾರ. ಹೆಂಡತಿ ಡಾಕ್ಟರ ಮನೆಗೆಂದು ಚಪಾತಿ, ಬದನೆಕಾಯಿ ಪಲ್ಯ ಡಬ್ಬಿಗೆ ತುಂಬಿಕೊಟ್ಟಳು. ಮೋಟರ್‌ವೇ ಹತ್ತಿ, ಗುಡ್ಡದ ಮೇಲೆ ಅರ್ಧ ದಾರಿ ಬಂದ ಮೇಲೆ ಅಪ್ಪ ಎಲ್ಲಾದರೂ ನಿಲ್ಲಿಸು ಎಂದರು. ಸರ್ವಿಸ್ ಸ್ಟೇಷನ್ನಿನಲ್ಲಿ, ಲಾರಿಗಳ ಸಾಲಿನ ಪಕ್ಕ ಕಾರು ನಿಲ್ಲಿಸಿದೆ. ಅವರು ಇಳಿಯಲಿಲ್ಲ. ತಮ್ಮ ಕೈಚೀಲದಿಂದ ನನ್ನ ನೋಟುಬುಕ್ಕು ತೆಗೆದು ತೊಡೆಯ ಮೇಲಿಟ್ಟುಕೊಂಡರು. ಆ ಬುಕ್ಕು ಕಾಣೆಯಾಯಿತೆಂದು ನಾನು ಆಫೀಸನ್ನೆಲ್ಲ ಜಾಲಾಡಿ, ಫಿಟ್ಟರ್‌ನನ್ನು ಸುಮ್ಮನೆ ಬೈದಿದ್ದೆ.

“ಇದು ಯಾರ ಅಕ್ಷರ?”

“ನಂದ ರೀ.”

ಆಮೇಲೆ ತಿಳಿದದ್ದು ಇಷ್ಟು. ಅಪ್ಪ ಏಳು ವರ್ಷದ ಮೊಮ್ಮಗಳಿಗೆ ಕನ್ನಡ ಕಲಿಸುತ್ತಿದ್ದರು. ಅಕ್ಷರಮಾಲೆ ಮುಗಿದಿತ್ತು. ಓದಿಸಲು ಕೈಬರಹದ ಕನ್ನಡ ಏನಾದರೂ ತಾ ಎಂದಿದ್ದಕ್ಕೆ ಅವಳು ನನ್ನ ಬ್ಯಾಗಿನಿಂದ ಇದನ್ನು ತಂದುಕೊಟ್ಟಿದ್ದಳು. ಅಜ್ಜನ ಮಡಿಲಲ್ಲಿ ಕೂತು, ಬೆರಳಿಟ್ಟು, ‘ನಾ-ನು ಇ-ಲ್ಲಿ ಎ-ರ-ಡು ಸ-ಲ ತಿಂ-ದೆ’ ಎಂದು ಕೂಡಿಸಿ ಓದಿದ್ದಳು. ಕೇಳಿದಾಗ ನನಗೆ ಹೆಮ್ಮೆಯಿಂದಲೇ ಹೇಳಿದಳು: “ಐ ಗಾಟ್ ದ ಹೋಲ್ ಲೈನ್ ರೈಟ್, ಡ್ಯಾಡ್!”

ಕಾರಿನಲ್ಲಿ ಕೂತು ನಾನು ಎಲ್ಲವನ್ನೂ ವಿವರಿಸಿದೆ. ಮ್ಯಾನೇಜರ್, ಫಿಟ್ಟರ್, ಬೋರ್ಡಿನ ಮೇಲೆ ಬರೆದದ್ದು, ಜಾಲತಾಣ. ಹೇಳುತ್ತ ಹೇಳುತ್ತ ನನಗೇ ಅದು ಸುಳ್ಳಿನ ಹಾಗೆ ಕೇಳಿಸತೊಡಗಿತು.

“ಮೂವತ್ತಾರು ವರ್ಷ ಕಂಡಕ್ಟರ್‌ಗಳ ನೆಪ ಕೇಳೀನಿ ನಾ,” ಎಂದರು ಅಪ್ಪ. “‘ನಾನು ತಿಂದೆ’ ಅಂತ ಬರದೀಯಲ್ಲ. ಯಾಂವ ಈ ನಾನು?”

“ಯಾಂವೋ ಕೆನಡಾದಾಂವ ರೀ! ಅವನ ಮುಖಾನೂ ನಾ ನೋಡಿಲ್ಲ.”

“ಕೆನಡಾದಾಂವ ತಿಂದಿದ್ದನ್ನ ನೀ ಯಾಕ ಕನ್ನಡದಾಗ ಬರಕೊಂಡಿ?”

“ಆಫೀಸಿನ್ಯಾಗ ಯಾರೂ ಓದಬಾರದು ಅಂತ.”

“ಓದಬಾರದ್ದನ್ನ ಯಾಕ ಬರೀಬೇಕಿತ್ತು? ನಾ ತಿನ್ನಾಂವಲ್ಲ, ಈ ಕೆಲಸ ಒಲ್ಲೆ ಅನ್ನಾಕ ನಿನಗ ಬಾಯಿ ಇರಲಿಲ್ಲೇನು?”

ಸಿಟ್ಟು ಬಂತು. ಹನ್ನೊಂದು ದಿನ ಹೆಂಡತಿಯನ್ನು ಅಳಿಸಿ, ನನ್ನನ್ನು ಕಾಡಿ, ಈ ಒಂದು ಮಾತನ್ನು ಮೊದಲ ದಿನವೇ ಕೇಳಬಾರದಿತ್ತೇ ಎಂದು ದನಿಯೇರಿಸಿದೆ. ಅಪ್ಪ ಪಕ್ಕದ ಲಾರಿಯ ಚಕ್ರ ನೋಡುತ್ತ ಕೂತಿದ್ದರು. ನಾನು ಸುಮ್ಮನಾದ ಮೇಲೆ ಕೇಳಿದರು:

“ಹಂಗಾರ ನೀ ತಿಂದಿಲ್ಲ.”

“ಇಲ್ರಿ.”

“ಯಾವತ್ತೂ?”

1998ರಲ್ಲಿ ನಾನು ಈ ದೇಶಕ್ಕೆ ಬಂದ ಮೊದಲ ಚಳಿಗಾಲ ಬರ್ಮಿಂಗ್‌ಹ್ಯಾಮ್‌ನಲ್ಲಿ ಒಬ್ಬ ಮುದುಕಿಯ ಮನೆಯಲ್ಲಿ ಬಾಡಿಗೆಗಿದ್ದೆ. ಗಂಡ ಸತ್ತವಳು. ಭಾನುವಾರ ಮಧ್ಯಾಹ್ನ ಅವಳು ಪೈ ಮಾಡುತ್ತಿದ್ದಳು, ಮೇಲೆ ಹಿಟ್ಟಿನ ಮುಚ್ಚಳ, ಒಳಗೆ ದನದ ಮಾಂಸ. ಮೊದಲ ಭಾನುವಾರವೇ ಎರಡು ತಟ್ಟೆ ಇಟ್ಟು ನನ್ನನ್ನು ಕರೆದಳು. ಗೊತ್ತಿಲ್ಲದೆ ತಿಂದೆ ಎಂದು ಹೇಳಿಕೊಳ್ಳಬಹುದು, ಹಾಗೆ ಹೇಳಿಕೊಳ್ಳುವವರನ್ನು ಬಹಳ ನೋಡಿದ್ದೇನೆ. ನನಗೆ ಗೊತ್ತಿತ್ತು. ಅವಳು ಎದುರಿಗೆ ಕೂತಿದ್ದಳು, ನನ್ನ ಬಾಯಿಂದ ಬೇಡ ಎಂಬ ಮಾತು ಬರಲಿಲ್ಲ, ತಿಂದೆ. ಎರಡನೆಯ ಭಾನುವಾರ ಆ ಹೊತ್ತು ಆಗಲೆಂದು ನಾನೇ ಕಾದಿದ್ದೆ. ರುಚಿಯಾಗಿತ್ತು. ಮಾರ್ಚಿನವರೆಗೆ ಪ್ರತಿ ಭಾನುವಾರ ತಿಂದೆ. ಹೆಂಡತಿ ಮತ್ತು ಕೂಸು ಊರಿನಿಂದ ಬಂದ ಮೇಲೆ ಬಿಟ್ಟೆ. ಹೆಂಡತಿಗೂ ಹೇಳಿರಲಿಲ್ಲ.

“ಯಾವತ್ತೂ ಇಲ್ರಿ,” ಎಂದೆ.

ಅಪ್ಪ ನನ್ನ ಮುಖವನ್ನು ಎಷ್ಟು ಹೊತ್ತು ನೋಡಿದರೋ. “ನೀ ಇಲ್ಲ ಅಂದ್ರ ಇಲ್ಲ,” ಎಂದರು. “ಮುಗೀತು. ಡಬ್ಬಿ ತಗಿ.”

ಡಾಕ್ಟರ ಮನೆಗೆಂದು ಕಟ್ಟಿದ್ದ ಆರು ಚಪಾತಿಯಲ್ಲಿ ಐದನ್ನು ಅಲ್ಲಿಯೇ, ಕಾರಿನಲ್ಲಿಯೇ ಉಂಡರು. ಬೆರಳಿಗೆ ಹತ್ತಿದ ಪಲ್ಯವನ್ನೂ ಬಿಡಲಿಲ್ಲ. ಆಮೇಲೆ ಡಾಕ್ಟರಿಗೆ ಫೋನ್ ಮಾಡಿಸಿ, ಮುಂದಿನ ಸಲ ಬರುತ್ತೇನೆಂದು ಹೇಳಿ, ಕಾರು ತಿರುಗಿಸಲು ಹೇಳಿದರು. ಮನೆಯಲ್ಲಿ ಹೆಂಡತಿ ಬಾಗಿಲು ತೆರೆದಾಗ, “ಬದನೀಕಾಯಿ ಭಾಳ ಚಲೋ ಆಗಿತ್ತವ್ವಾ,” ಎಂದು ಒಳಗೆ ಹೋದರು. ಅವಳು ನನ್ನನ್ನು ನೋಡಿದಳು, ನಾನು ಚಪ್ಪಲಿ ಬಿಡುವ ನೆಪದಲ್ಲಿ ಬಗ್ಗಿದೆ.

ಇಷ್ಟಕ್ಕೇ ನಿಲ್ಲುತ್ತದೆ ಅಂದುಕೊಂಡಿರಬೇಡಿ. ಮರುದಿನ ಪೂಜೆ ಮುಗಿಸಿ, ನನ್ನ ಅಂಗೈಗೆ ನಾಲ್ಕು ಒಣದ್ರಾಕ್ಷಿ ಹಾಕಿ, ಅಪ್ಪ ಆ ನೋಟುಬುಕ್ಕು ಹಿಡಿದುಕೊಂಡು ಬಂದು ಕೂತರು.

“ಇದೇನೋ ಇದು? ಊರು ದೊಡ್ಡದು, ಹೊಟೇಲು ಎಲ್ಲೆಲ್ಲೋ ಅದಾವ, ಒಂದಕ್ಕೂ ಟೈಮಿಂಗ್ ಹೊಂದೂದಿಲ್ಲ. ಇಂಥಾ ಷೆಡ್ಯೂಲ್ ಮಾಡಿದಾಂವನ್ನ ನಮ್ಮ ಡಿಪೋದಾಗ ಸಸ್ಪೆಂಡ್ ಮಾಡತಿದ್ರು.”

ವಿಭೂತಿ ಹಚ್ಚಿಕೊಂಡ ನನ್ನ ಅಪ್ಪ ಮೂರು ದಿನ ಊಟದ ಮೇಜಿನ ಮೇಲೆ ಬ್ಯೂನಸ್ ಐರಿಸ್‌ನ ನಕ್ಷೆ ಹರಡಿಕೊಂಡು, ಸ್ಕೇಲು ಹಿಡಿದು, ಇಂಗ್ಲಿಷರು ಎಲ್ಲಿ ಕುಡಿಯಬೇಕು, ಎಲ್ಲಿ ಮಾಂಸ ತಿನ್ನಬೇಕು ಎಂದು ವೇಳಾಪಟ್ಟಿ ಬರೆದರು. ಬೇಡ ಎಂದರೆ ಕೇಳಬೇಕಲ್ಲ! ಅವರ ಪ್ರಕಾರ ಫಿಟ್ಟರ್‌ನದು ಕನೆಕ್ಷನ್ ಬಸ್ಸಿನ ಸಮಸ್ಯೆ. ಆರಕ್ಕೆ ಇಳಿದ ಪ್ರಯಾಣಿಕನಿಗೆ ಒಂಬತ್ತರವರೆಗೆ ಬಸ್ಸಿಲ್ಲ. ಅವನನ್ನು ಎಲ್ಲಿ ಕೂರಿಸುವುದು? ಆ ಊರಿನಲ್ಲಿ ಮೂಲೆ ಮೂಲೆಗೆ ಹಳೆಯ ಕಾಫಿ ಬಾರುಗಳಿವೆ, ಅಲ್ಲಿ ಇಡೀ ದಿನ ಬಿಯರು ಸಿಗುತ್ತದೆ, ಜೊತೆಗೆ ಶೇಂಗಾ ಕೊಡುತ್ತಾರೆ ಎಂದು ನಾನು ಎಲ್ಲೋ ಒಂದು ಮೂಲೆಯಲ್ಲಿ ಬರೆದಿದ್ದನ್ನು ಅವರು ಹುಡುಕಿ ತೆಗೆದರು.

“ಶೇಂಗಾ ಐತೆಲ್ಲಪಾ! ಶೇಂಗಾ ತಿನಕೋಂತ ಮೂರು ತಾಸು ಕೂಡ್ರಲಿ.”

ಕೆಮಿಸ್ಟ್‌ಳ ತುಂಡು ಸುಡಲು ಹೊತ್ತು ಹಿಡಿಯುತ್ತದೆ, ಆದ್ದರಿಂದ ಅವಳದನ್ನು ಕೂತ ಕೂಡಲೇ ಹೇಳಬೇಕು, ಉಳಿದವರದನ್ನು ಇಪ್ಪತ್ತು ನಿಮಿಷ ಬಿಟ್ಟು. ಒಂದು ಹೋಟೆಲು ಮುಚ್ಚಿದ್ದರೆ ನಡೆದು ಹೋಗುವಷ್ಟು ದೂರದಲ್ಲಿ ಇನ್ನೊಂದು ಇರಬೇಕು, ಅದು ಸ್ಪೇರ್ ಬಸ್ಸು. ಪ್ರವಾಸಿಗಳು ಬಾರದ ಜಾಗ ಬೇಕೆಂಬ ಮ್ಯಾನೇಜರನ ಹಟಕ್ಕೆ ಅವರು ತಲೆಯನ್ನೇ ಕೆಡಿಸಿಕೊಳ್ಳಲಿಲ್ಲ. “ಆ ಕಾರ್ಖಾನಿ ಗಾಡಿ ಡ್ರೈವರ್ ಎಲ್ಲಿ ಉಣ್ತಾನ ಕೇಳು. ಡ್ರೈವರ್ ಉಣ್ಣೋದಕ್ಕಿಂತ ಚಲೋ ಖಾನಾವಳಿ ಯಾವ ಊರಾಗೂ ಇರೂದಿಲ್ಲ.” ಅಲ್ಲಿನ ಇಂಜಿನಿಯರ್‌ಗೆ ಇಮೇಲ್ ಹಾಕಿದೆ. ಎರಡು ದಿನದಲ್ಲಿ, ಯಾವ ಜಾಲತಾಣದಲ್ಲಿಯೂ ಇರದ ಒಂದು ವಿಳಾಸ ಬಂತು.

ಜೂನ್ ಕೊನೆಗೆ ಹೋದೆವು. ಇಲ್ಲಿ ಬೇಸಿಗೆ, ಅಲ್ಲಿ ಚಳಿ. ಮೊದಲ ಸಂಜೆಯಿಂದ ಕೊನೆಯ ಸಂಜೆಯವರೆಗೆ ಅಪ್ಪನ ಪಟ್ಟಿ ಒಂದು ಕಡೆಯೂ ತಪ್ಪಲಿಲ್ಲ. ಫಿಟ್ಟರ್ ಆರೂಕಾಲಿಗೆ ಬಿಯರು, ಶೇಂಗಾ ಮುಂದಿಟ್ಟುಕೊಂಡು ಪಳಗಿದ ಎತ್ತಿನ ಹಾಗೆ ಕೂತಿರುತ್ತಿದ್ದ. ಡ್ರೈವರ್ ಹೇಳಿದ ಹೋಟೆಲು ಬಸ್ ಡಿಪೋದ ಹಿಂದಿನ ಬೀದಿಯಲ್ಲಿತ್ತು. ಮೇಜಿಗೆ ಬಟ್ಟೆಯ ಬದಲು ಕಾಗದ, ಇದ್ದಿಲಿನ ಹೊಗೆ. ಅಲ್ಲಿ ಮ್ಯಾನೇಜರ್ ಮೊದಲ ತುಂಡು ಬಾಯಿಗಿಟ್ಟು ಕಣ್ಣು ಮುಚ್ಚಿದ. ಎಂಟು ದಿನದಲ್ಲಿ ಮೂರು ಸಲ ಅಲ್ಲಿಗೇ ಹೋಗಬೇಕೆಂದು ಹಟ ಹಿಡಿದು ಪಟ್ಟಿಯನ್ನು ಕೆಡಿಸಲು ನೋಡಿದ. ನಾನು ಬಿಡಲಿಲ್ಲ.

ನನಗೆ ಪ್ರತಿ ಸಂಜೆ ಸುಟ್ಟ ಚೀಸು, ಬ್ರೆಡ್ಡು, ಈರುಳ್ಳಿ ಟೊಮ್ಯಾಟೊ. ಮಾಣಿಗಳು ನನ್ನನ್ನು ಕಾಯಿಲೆಯವನೆಂದು ತಿಳಿದು ಬೆನ್ನು ಸವರಿ ಹೋಗುತ್ತಿದ್ದರು. ಸುಳ್ಳು ಯಾಕೆ ಹೇಳಲಿ, ಆ ಹೊಗೆಗೆ ನನ್ನ ಬಾಯಲ್ಲಿ ನೀರೂರುತ್ತಿತ್ತು. ಬರ್ಮಿಂಗ್‌ಹ್ಯಾಮ್‌ನ ಭಾನುವಾರಗಳು ನೆನಪಾಗುತ್ತಿದ್ದವು. ತಿನ್ನಲಿಲ್ಲ. ಸರ್ವಿಸ್ ಸ್ಟೇಷನ್ನಿನಲ್ಲಿ ಆಡಿದ ಮಾತನ್ನು ಈಗಿಂದಲಾದರೂ ನಿಜ ಮಾಡೋಣ ಎಂಬ ಹಠವೋ, ಭಯವೋ. ಪಟ್ಟಿ ಬರೆದವರು ಯಾರೆಂದು ನನ್ನಿಂದ ತಿಳಿದಿದ್ದ ಫಿಟ್ಟರ್ ಕೊನೆಯ ದಿನ ಗ್ಲಾಸು ಎತ್ತಿ, “ನಿಮ್ಮಪ್ಪನಿಗೆ” ಎಂದ. ಎಲ್ಲರೂ ಎತ್ತಿದರು. ನಾನು ನೀರಿನ ಗ್ಲಾಸು ಎತ್ತಿದೆ.

ಹಿಂದಿರುಗಿದ ಮೇಲೆ ನಿಜವಾದ ಕಾಟ ಶುರುವಾಯಿತು. ಅಪ್ಪ ಊರಿಗೆ ಫೋನ್ ಮಾಡಿದಾಗಲೆಲ್ಲ ಇದೇ ಸುದ್ದಿ. ಅವ್ವನಿಗೆ, ತಂಗಿಗೆ, ತಮ್ಮ ಜೊತೆ ನೌಕರಿ ಮಾಡಿದ ಹಳೆಯ ಗೆಳೆಯರಿಗೆ: “ನಮ್ಮ ತಮ್ಮ ಎಂಟು ದಿನ ಆ ಮಾಂಸದ ಹೊಗಿಯೊಳಗ ಕುಂತು ಬಂದಾನ. ಕೈ ಹಚ್ಚಿಲ್ಲ ನೋಡು!” ನಾನು ಪಕ್ಕದ ಕೋಣೆಯಲ್ಲಿ ಹಲ್ಲು ಕಚ್ಚಿಕೊಂಡು ಕೇಳಬೇಕು. ಬೆಳಿಗ್ಗೆ ಎದ್ದರೆ ಅಂಗೈಗೆ ಒಣದ್ರಾಕ್ಷಿ. ಅವರು ಅನುಮಾನಪಟ್ಟಾಗ ನಾನು ಅಷ್ಟು ಸಿಟ್ಟಾಗಿದ್ದೆನಲ್ಲ, ನಂಬಿದ ಮೇಲೆ ಅದರ ಎರಡರಷ್ಟು ಹಿಂಸೆಯಾಯಿತು. ಎಷ್ಟೋ ಸಲ ಹೇಳಿಬಿಡಬೇಕೆಂದು ಅವರ ಕೋಣೆಯ ಬಾಗಿಲಿಗೆ ಹೋಗಿ, ಚಹಾ ಬೇಕೇ ಎಂದು ಕೇಳಿ ಬಂದೆ. ಅವರು ಹೊರಡುವವರೆಗೂ ಹೀಗೇ ಕಳೆಯಿತು.

ಆಗಸ್ಟಿನಲ್ಲಿ ಅವರನ್ನು ಮ್ಯಾಂಚೆಸ್ಟರ್ ಏರ್‌ಪೋರ್ಟಿಗೆ ಬಿಡಲು ನಾನೊಬ್ಬನೇ ಹೋಗಿದ್ದೆ. ಸೂಟ್‌ಕೇಸು ಒಳಗೆ ಹೋಯಿತು. ತಪಾಸಣೆಯ ಸಾಲಿನ ತುದಿಯವರೆಗೆ ಜೊತೆಗೆ ನಡೆದೆ. ಅಲ್ಲಿಂದ ಮುಂದೆ ನನಗೆ ಬಿಡುವುದಿಲ್ಲ. ಇನ್ನು ಐದು ನಿಮಿಷ ಕಳೆದರೆ ಇದು ನನ್ನೊಂದಿಗೇ ಉಳಿದುಬಿಡುತ್ತದೆ ಎನ್ನಿಸಿ, ಕಾಲು ಮುಟ್ಟಿ ಎದ್ದವನು ಹೇಳಿಬಿಟ್ಟೆ.

“ಅಪ್ಪಾ, ನಾ ತಿಂದೀನಿ ರೀ. ಈಗಲ್ಲ. ಬಂದ ಹೊಸದರಾಗ, ಬರ್ಮಿಂಗ್‌ಹ್ಯಾಮಿನ್ಯಾಗ. ನಾಲ್ಕು ತಿಂಗಳು. ಗೊತ್ತಿದ್ದ ತಿಂದೆ. ಅವತ್ತು ಕಾರಿನ್ಯಾಗ ನಿಮಗ ಸುಳ್ಳು ಹೇಳಿದೆ.”

ಬೈಯುತ್ತಾರೆ ಅಂದುಕೊಂಡೆ. ಇಲ್ಲವೇ ಮಾತಿಲ್ಲದೆ ತಿರುಗಿ ಹೋಗುತ್ತಾರೆ ಅಂದುಕೊಂಡೆ. ಅಪ್ಪ ಗಡಿಯಾರ ನೋಡಿಕೊಂಡರು.

“ಅವತ್ತ ಗೊತ್ತಾತು,” ಎಂದರು. “ಸುಳ್ಳು ಹೇಳೋ ಕಂಡಕ್ಟರ್ ಉತ್ತರ ಕೊಡಾಕ ಸ್ವಲ್ಪ ತಡ ಮಾಡತಾನ.”

ನನಗೆ ಮೈಯೆಲ್ಲ ಉರಿಯಿತು. ಗೊತ್ತಿದ್ದೂ ಆ ಪಟ್ಟಿ, ಆ ಫೋನುಗಳು, ಆ ಪ್ರಸಾದ! “ಮತ್ತ ಯಾಕ ನಂಬಿದಂಗ ಮಾಡಿದ್ರಿ? ಯಾಕ ಉಂಡ್ರಿ?” ಎಂದು ಎಲ್ಲರೂ ತಿರುಗಿ ನೋಡುವಷ್ಟು ಜೋರಾಗಿ ಕೇಳಿದೆ.

“ನೀ ಹೌದು ಅಂದಿದ್ರ ನಾ ಹೋಗಬೇಕಾಗತಿತ್ತು, ತಮ್ಮಾ,” ಎಂದರು. “ನನಗ ಹೋಗೋ ಮನಸ್ಸಿರಲಿಲ್ಲ.”

ಸಾಲು ಮುಂದೆ ಸರಿಯಿತು. ಹಿಂದಿದ್ದವರು ಕಾಯುತ್ತಿದ್ದರು. ಅಪ್ಪ ನನ್ನ ತೋಳು ಒಮ್ಮೆ ಒತ್ತಿ, ಕೈಚೀಲ ಎತ್ತಿಕೊಂಡು ಒಳಗೆ ಹೋದರು. ಕಾರ್ ಪಾರ್ಕಿನಲ್ಲಿ ಗಾಡಿ ಹತ್ತಿ ಕೂತ ಮೇಲೆ ಲೆಕ್ಕ ಹಾಕಿದೆ. ಮಾಂಸದ ಮನೆಯಲ್ಲಿ ನೀರೂ ಮುಟ್ಟದ ಮನುಷ್ಯ, ನನ್ನಂಥವನ ಮನೆಯಲ್ಲಿ, ಗೊತ್ತಿದ್ದೂ, ಎರಡೂವರೆ ತಿಂಗಳು ಎರಡು ಹೊತ್ತೂ ಉಂಡಿದ್ದರು.